ತಣ್ಣನೆಯ ಪೊಟರೆಗೆ ಕಿವಿಗೊಡುವ ನೆರಿಡಾ

ಬೆಳಗಿನ ಆರೂ ಮುಕ್ಕಾಲು. ಗೈರಾ ಊರಿನಿಂದ ಪೂರ್ವಕ್ಕೆ ಹೋಗುವ ರಸ್ತೆಯ ಬೇಲಿಕಂಬಕ್ಕೆ ತೂಗುಹಾಕಿದ ಉಷ್ಣಮಾಪಕ ಸೊನ್ನೆಗಿಂತ ಏಳು ಡಿಗ್ರಿ ಕೆಳಗೆ ನಿಂತಿದೆ. ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿ ಬೂಟಿನಡಿ ಹಪ್ಪಳದ ಹಾಗೆ ಮುರಿಯುತ್ತಿದೆ. ನೆರಿಡಾ ಕಾಬ್‌ಕ್ರಾಫ್ಟ್ ತಮ್ಮ ಹಳೇ ವ್ಯಾನಿನಿಂದ ಇಳಿಯುತ್ತಾರೆ, ಎಡಗೈಗೆ ಚರ್ಮದ ಗವಸು ತೊಡುತ್ತಾರೆ, ಬಲಗೈಯನ್ನು ಮಾತ್ರ ಬರಿದಾಗಿಯೇ ಕೋಟಿನೊಳಗೆ ತೂರಿಸಿ ಕಂಕುಳಲ್ಲಿ ಬೆಚ್ಚಗಿಟ್ಟುಕೊಳ್ಳುತ್ತಾರೆ. ಹಾಗೆ ನಿಂತು ಎದುರಿನ ಮರವನ್ನು ಬುಡದಿಂದ ತುದಿಯವರೆಗೆ, ಅವಸರವೇ ಇಲ್ಲದೆ ನೋಡುತ್ತಾರೆ.

"ಈ ಕೈ ಮರಗಟ್ಟಿಬಿಟ್ರೆ ನಾನು ಇಲ್ಲಿಗೆ ಬಂದಿದ್ದೇ ದಂಡ," ಎನ್ನುತ್ತಾರೆ. "ತಣ್ಣಗಾಗಿರೋ ಕೈಗೆ ತಣ್ಣಗಿರೋದು ಗೊತ್ತಾಗಲ್ಲ."

ಅವರ ಕೆಲಸಕ್ಕೆ ಕಾಗದದ ಮೇಲೆ ಉದ್ದನೆಯ ಹೆಸರೊಂದಿದೆ. ರಸ್ತೆ ಕೆಲಸದವರ ಬಾಯಲ್ಲಿ ಅದನ್ನು ಯಾರೂ ಕೇಳಿಲ್ಲ. ಅವರಿಗೆ ನೆರಿಡಾ ಎಂದರೆ 'ಪೊಟರೆಯಮ್ಮ'. ರಸ್ತೆ ಅಗಲವಾಗುವಲ್ಲಿ, ಹೊಸ ವಿದ್ಯುತ್ ತಂತಿ ಹಾಯುವಲ್ಲಿ, ಮರ ಉರುಳುವ ಮುಂಚೆ ಅದರ ಪೊಟರೆಗಳಲ್ಲಿ ಯಾರ ಬಿಡಾರವಿದೆ ಎಂದು ನೋಡಿ, ಇದ್ದವರನ್ನು ಜೀವಸಹಿತ ಹೊರಗೆ ತರುವುದು ಅವರ ಕೆಲಸ. ವಯಸ್ಸು ಅರವತ್ತೊಂದು. ಹತ್ತೊಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದಾರೆ. ವರ್ಷಕ್ಕೆ ಮುನ್ನೂರು ಮರ ಹಿಡಿದರೂ ಐದೂವರೆ ಸಾವಿರಕ್ಕೂ ಹೆಚ್ಚು ಮರಗಳ ಪೊಟರೆಯೊಳಗೆ ಆ ಬಲಗೈ ಹೋಗಿ ಬಂದಿದೆ. ಹೆಬ್ಬೆರಳ ಬುಡದಲ್ಲಿ ಪೋಸಮ್ ಎಂಬ ಬೆಕ್ಕಿನ ಗಾತ್ರದ ಮರಪ್ರಾಣಿ ಕಚ್ಚಿದ ಗುರುತು, ಮಣಿಕಟ್ಟಿನ ಮೇಲೆ ಗೂಬೆ ಗೀರಿದ ಮೂರು ಗೆರೆ. ಕಿರುಬೆರಳಿನ ತುದಿಯೇ ಇಲ್ಲ.

"ಎಲ್ಲರೂ ಅದನ್ನ ಹಾವು ಕಚ್ಚಿದ್ದು ಅನ್ಕೋತಾರೆ. ಹಾವು ಪಾಪ, ಚಳಿಗಾಲದಲ್ಲಿ ಹಗ್ಗ ಇದ್ದಂಗಿರುತ್ತೆ. ಇದು ಕಾಕಟೂ ಗಿಳಿ ಕೆಲಸ. ಗಿಳಿ ಅಂದ್ರೆ ಯಾರೂ ಮರುಕ ಪಡಲ್ಲ ಅಂತ ನಾನೂ ಸುಮ್ನಿರ್ತೀನಿ."

ಇವತ್ತಿನ ಮರದ ಗುರುತಿನ ಸಂಖ್ಯೆ ನಲವತ್ತೊಂದು. ಇನ್ನೂರು ವರ್ಷ ದಾಟಿದ ನೀಲಗಿರಿ. ಆಳೆತ್ತರದಲ್ಲಿ ಒಂದು ದೊಡ್ಡ ಪೊಟರೆ. ನಾಲ್ಕಾಳೆತ್ತರದ ಒಣಕೊಂಬೆಯಲ್ಲಿ ಎರಡು ಬೆರಳಗಲದ ಒಂದು ಸಂದು. ಮಣ್ಣು ತೋಡುವ ಯಂತ್ರ ನಡೆಸುವ ಟೆವಿಟಾ, ಟೋಂಗಾ ದ್ವೀಪದಿಂದ ಬಂದು ಇಪ್ಪತ್ತು ವರ್ಷವಾದ ಭಾರೀ ಮನುಷ್ಯ, ಬಕೆಟಿನ ಬೆನ್ನಿನಿಂದ ಕಾಂಡವನ್ನು ಮೆಲ್ಲಗೆ ತಟ್ಟುತ್ತಾರೆ. ಈ ಕಸುಬಿನವರು ಇದಕ್ಕೆ 'ಬಾಗಿಲು ಬಡಿಯುವುದು' ಎನ್ನುತ್ತಾರೆ. ಮೂರು ಸಲ ಬಡಿಯಬೇಕು, ಪ್ರತಿ ಸಲಕ್ಕೂ ನಡುವೆ ಸ್ವಲ್ಪ ಕಾಯಬೇಕು, ಒಳಗಿದ್ದವರು ಎದ್ದು ಬರಲು ಹೊತ್ತು ಕೊಡಬೇಕು. ಯಾರೂ ಬರದಿದ್ದರೆ ನೆರಿಡಾ ಬುಡಕ್ಕೆ ಹಸಿರು ಬಣ್ಣ ಬಳಿಯುತ್ತಾರೆ, ಮರ ಉರುಳುತ್ತದೆ.

ಮೊದಲ ಬಡಿತಕ್ಕೇ ಕೆಳಗಿನ ಪೊಟರೆಯಿಂದ ಪೋಸಮ್ ಒಂದು ಹೊರಬಂದು, ಎಲ್ಲರನ್ನೂ ಕೆಕ್ಕರಿಸಿ ನೋಡಿ, ಪಕ್ಕದ ಮರಕ್ಕೆ ಏರಿ ಹೋಗುತ್ತದೆ. ಎರಡನೆಯದಕ್ಕೆ ಯಾರೂ ಇಲ್ಲ. ಮೂರನೆಯದಕ್ಕೂ ಇಲ್ಲ.

ಇಲ್ಲಿಯವರೆಗೆ ದಿನನಿತ್ಯದ ಸಂಗತಿಯೇ. ಈ ತಿಂಗಳು ಹೊಸದೊಂದು ಸೇರಿದೆ. ಗುತ್ತಿಗೆ ಹಿಡಿದ ಕಂಪನಿಯ ಪರಿಸರಾಧಿಕಾರಿ ಲೈಲ್ ಪ್ರೆಂಟಿಸ್ ಕೊರಳಲ್ಲಿ ಶಾಖ ಹಿಡಿಯುವ ಕ್ಯಾಮೆರಾ ಹಾಕಿಕೊಂಡು ಬರುತ್ತಾರೆ. ಬಿಸಿ ಇದ್ದದ್ದು ಅದರಲ್ಲಿ ಹಳದಿ, ತಣ್ಣಗಿದ್ದದ್ದು ನೀಲಿ. ಸತತ ಐವತ್ತು ಮರಗಳಲ್ಲಿ ಕ್ಯಾಮೆರಾ ತಪ್ಪದಿದ್ದರೆ ಮುಂದೆ ಅದರ ಮಾತೇ ಸಾಕು, ಪೊಟರೆಗೆ ಕೈ ಹಾಕುವವರು ಬೇಕಿಲ್ಲ ಎಂಬುದು ಕಂಪನಿಯ ಲೆಕ್ಕಾಚಾರ. ನಲವತ್ತು ಮರಗಳಲ್ಲಿ ಅದು ಒಮ್ಮೆಯೂ ತಪ್ಪಿಲ್ಲ. ಪೋಸಮನ್ನು ಅದು ನೆರಿಡಾಗಿಂತ ಮುಂಚೆಯೇ ಹಳದಿ ಉಂಡೆಯಾಗಿ ತೋರಿಸಿತ್ತು.

"ಮೇಲಿನ ಸಂದು ಪೂರ್ತಿ ನೀಲಿ," ಎನ್ನುತ್ತಾರೆ ಲೈಲ್. ಒಳ್ಳೆಯ ಮನುಷ್ಯ, ಕೊಂಕಿಲ್ಲ. "ಮರ ಎಷ್ಟು ತಣ್ಣಗಿದೆಯೋ ಒಳಗೂ ಅಷ್ಟೇ ತಣ್ಣಗಿದೆ. ಯಾರೂ ಇಲ್ಲ ನೆರಿಡಾ."

ಮೇಸ್ತ್ರಿ ಡ್ಯಾರಿಲ್ ಕ್ವಿನ್ಲನ್ ಗಡಿಯಾರ ನೋಡುತ್ತಾರೆ. "ಹಸಿರು ಬಳೀ ತಾಯಿ. ಹನ್ನೊಂದಕ್ಕೆ ರಸ್ತೆ ಬಿಟ್ಕೊಡ್ಬೇಕು. ಎರಡೂ ಕಡೆ ಆಲೂಗಡ್ಡೆ ಲಾರಿಗಳು ಆಗ್ಲೇ ಸಾಲು ಕಟ್ಟಿವೆ."

ನೆರಿಡಾ ವ್ಯಾನಿಗೆ ಹೋಗಿ ಬಣ್ಣದ ಡಬ್ಬಿ ತರುತ್ತಾರೆ. ಬುಡದ ಸುತ್ತ ಕೆಂಪು ಪಟ್ಟಿ ಎಳೆಯುತ್ತಾರೆ, ಈಗಲೇ ಮರ ಉರುಳಿಸಕೂಡದು ಎಂದು.

"ಕೆಂಪಾ? ಒಳಗೆ ಏನಿದೆ ಅಂತ ಕೆಂಪು?" ಎನ್ನುತ್ತಾರೆ ಡ್ಯಾರಿಲ್.

"ಗೊತ್ತಿಲ್ಲ ಕಣೋ. ಗೊತ್ತಿಲ್ಲ ಅಂತಾನೇ ಕೆಂಪು."

ಈ ಹಟ ಎಲ್ಲಿಂದ ಬಂತು ಎಂದು ತಿಳಿಯಲು ಕುರಿಯ ಉಣ್ಣೆ ಕತ್ತರಿಸುವ ಕೊಟ್ಟಿಗೆಗಳ ಕಾಲಕ್ಕೆ ಹೋಗಬೇಕು. ನೆರಿಡಾ ಹದಿನೇಳನೇ ವಯಸ್ಸಿಗೇ ಉಣ್ಣೆ ವಿಂಗಡಿಸುವ ಮೇಜಿಗೆ ನಿಂತವರು. ಮೇಜಿನ ಮೇಲೆ ಎಸೆದ ಉಣ್ಣೆಯ ಹಾಸನ್ನು ಬೆರಳಲ್ಲಿ ಒಂದು ಸಲ ಸವರಿ ಯಾವುದು ಕೋಟಿಗೆ, ಯಾವುದು ಕಂಬಳಿಗೆ ಎಂದು ಹೇಳುತ್ತಿದ್ದರು. ಉಣ್ಣೆಯ ಬೆಲೆ ಬಿದ್ದು ಕೊಟ್ಟಿಗೆಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಅವರಿಗೆ ಮೂವತ್ತೊಂಬತ್ತು. ಗಂಡ ಕೋಲಿನ್‌ಗೆ ಆಲೂಗಡ್ಡೆ ವಿಂಗಡಿಸುವ ಶೆಡ್ಡಿನಲ್ಲಿ ವರ್ಷಕ್ಕೆ ಐದೇ ತಿಂಗಳ ಕೆಲಸ. ನೆರಿಡಾ ರಸ್ತೆ ಕೆಲಸಕ್ಕೆ ಸೇರಿ, 'ನಿಲ್ಲಿ', 'ನಿಧಾನ' ಎಂಬ ಫಲಕ ತಿರುಗಿಸುತ್ತ ಮೂರು ವರ್ಷ ನಿಂತರು.

"ಫಲಕ ಹಿಡಿಯೋದು ಅಂದ್ರೆ ಕೆಲಸ ಇಲ್ಲದೆ ಕಾಲು ನೋಯಿಸ್ಕೊಳ್ಳೋದು. ನಿಂತು ನಿಂತು ಮರ ಬೀಳೋದನ್ನೇ ನೋಡ್ತಿದ್ದೆ. ಬಿದ್ದ ಮರದಿಂದ ಓಡಿ ಬರ್ತಿದ್ದವು, ಕುಂಟ್ಕೊಂಡು. ಮರಿ ಕಚ್ಕೊಂಡು. ಯಾರಾದ್ರೂ ಮೊದಲೇ ಹೇಳಬಾರದಾ ಅವಕ್ಕೆ, ಅನ್ಸೋದು. ಆ 'ಯಾರಾದ್ರೂ' ಕೊನೆಗೆ ನಾನೇ ಆದೆ."

ಆಗ ಈ ಕೆಲಸಕ್ಕೆ ಈಗಿನಷ್ಟು ಕಟ್ಟುನಿಟ್ಟಿರಲಿಲ್ಲ. ಧೈರ್ಯ, ಏಣಿ, ಒಂದು ಗೋಣಿಚೀಲ ಇದ್ದರೆ ಸಾಕಿತ್ತು. ಕಲಿಸುವವರು ಇರಲಿಲ್ಲ, ಮೂರನೇ ವರ್ಷದ ಜೂನ್‌ವರೆಗೆ ಕಲಿಯಬೇಕಾದದ್ದು ಇನ್ನೂ ಇದೆ ಎಂದು ನೆರಿಡಾಗೂ ಅನ್ನಿಸಿರಲಿಲ್ಲ.

ಈ ಸೀಮೆಯಲ್ಲಿ ಜೂನ್ ಎಂದರೆ ಚಳಿಗಾಲ. ಅದೂ ಇಂಥದೇ ಹಿಮದ ಬೆಳಗು. ಮೂರು ಸಲ ಬಾಗಿಲು ಬಡಿದರು, ಯಾರೂ ಬರಲಿಲ್ಲ. ಹಸಿರು ಬಳಿದರು, ಮರ ಬಿತ್ತು. ಕೊಂಬೆ ಸೀಳಿ ಒಣ ಎಲೆಗಳ ಉಂಡೆಯೊಂದು ಹೊರಗುರುಳಿತು. ಬಿಡಿಸಿದರೆ ಒಳಗೆ ಏಳು ಗರಿಬಾಲಗಳು. ಗರಿಬಾಲ ಎಂದರೆ ಇಲಿಗಿಂತ ಸಣ್ಣದು, ಹೊಟ್ಟೆಯಲ್ಲಿ ಮರಿಚೀಲ, ಮುಂಗಾಲಿಗೂ ಹಿಂಗಾಲಿಗೂ ನಡುವೆ ತೆಳ್ಳನೆಯ ಚರ್ಮ. ಅದನ್ನು ಬಿಚ್ಚಿಕೊಂಡು ಮರದಿಂದ ಮರಕ್ಕೆ ತೇಲಿಹೋಗುತ್ತದೆ. ಬಾಲ ಹಕ್ಕಿಯ ಗರಿಯನ್ನು ಬೆನ್ನಿಗೆ ಅಂಟಿಸಿದ ಹಾಗೆ. ತೂಕ ಇಪ್ಪತ್ತು ಸೆಂಟಿನ ಒಂದು ನಾಣ್ಯದಷ್ಟು, ಹತ್ತು ಹನ್ನೆರಡು ಗ್ರಾಂ. ಏಳೂ ಒಂದಕ್ಕೊಂದು ಅಂಟಿಕೊಂಡು, ಕಿವಿ ಮಡಿಸಿ, ಬಾಲವನ್ನು ಮೂಗಿನ ಮೇಲೆ ಎಳೆದುಕೊಂಡು ಸುತ್ತಿಕೊಂಡಿದ್ದವು. ಮೈ ಹೊಳೆಯ ಕಲ್ಲಿನಷ್ಟು ತಣ್ಣಗಿತ್ತು. ಒಂದರ ಮೈಮೇಲೂ ಗಾಯವಿರಲಿಲ್ಲ. ಉಸಿರಿರಲಿಲ್ಲ, ಅಂದರೆ ಅವರು ನೋಡಿದಷ್ಟು ಹೊತ್ತಿನಲ್ಲಿ ಇರಲಿಲ್ಲ.

ಉಳಿದವರಾಗಿದ್ದರೆ ಪೊದೆಗೆ ಎಸೆದು ಕೈ ಒರೆಸಿಕೊಳ್ಳುತ್ತಿದ್ದರು. ನೆರಿಡಾಗೆ ಮನಸ್ಸಾಗಲಿಲ್ಲ. ತಮ್ಮ ಕರವಸ್ತ್ರದಲ್ಲಿ ಏಳನ್ನೂ ಸುತ್ತಿ, ರಸ್ತೆಯಂಚಿನಲ್ಲಿ ಮೊಳದಾಳದ ಗುಂಡಿ ತೋಡಿ, ನಾಯಿ ಕೆದಕದಿರಲಿ ಎಂದು ಮೇಲೊಂದು ಚಪ್ಪಡಿ ಎಳೆದರು. ಕಣ್ಣೊರೆಸಿಕೊಂಡು ಮುಂದಿನ ಮರಕ್ಕೆ ಹೋದರು.

ಎಂಟು ತಿಂಗಳಾದ ಮೇಲೆ ಆರ್ಮಿಡೇಲ್‌ನಲ್ಲಿ ಎರಡು ದಿನದ ತರಬೇತಿ. ಜೋನ್ ವಿಕರಿ ಎಂಬ ವಯಸ್ಸಾದ ಪ್ರಾಣಿವೈದ್ಯೆ ತಣ್ಣನೆಯ ಪೆಟ್ಟಿಗೆಯಿಂದ ಒಂದು ಗರಿಬಾಲವನ್ನು ತೆಗೆದು ನೆರಿಡಾರ ಅಂಗೈಯಲ್ಲಿಟ್ಟರು. ಅದೇ ತಣ್ಣಗೆ, ಅದೇ ಸುತ್ತಿದ ಬಾಲ. "ಪಾಪ, ಯಾವಾಗ ಸತ್ತಿದ್ದು?" ಎಂದು ನೆರಿಡಾ ಕೇಳಿದರು. "ಸ್ವಲ್ಪ ತಾಳಿ," ಎಂದರು ಜೋನ್. ಕಾಲು ಗಂಟೆಯ ನಂತರ ಅದು ಅಂಗೈಯಲ್ಲಿ ನಡುಗತೊಡಗಿತು.

"ಎಲ್ಲರೂ ಚಪ್ಪಾಳೆ ತಟ್ಟಿದ್ರು," ಎನ್ನುತ್ತಾರೆ ನೆರಿಡಾ. "ನಾನು ಅದನ್ನ ಜೋನ್ ಕೈಗೆ ಕೊಟ್ಟು ಹೊರಗೆ ಹೋಗಿಬಿಟ್ಟೆ. ಅವತ್ತಿಂದ ಇವತ್ತಿನವರೆಗೂ, ಆ ಏಳರಲ್ಲಿ ಎಷ್ಟು ಸತ್ತಿದ್ದವು, ಎಷ್ಟು ಜೀವಂತ ಇದ್ದವು ಅಂತ ನಂಗೆ ಗೊತ್ತಿಲ್ಲ. ಚಪ್ಪಡಿ ಬೇರೆ ಎಳೆದಿದ್ದೆ ನೋಡಿ. ಎದ್ದಿದ್ರೂ ಬರೋಕಾಗ್ತಿರ್ಲಿಲ್ಲ."

ಕ್ರೂರಿಗಳಿಂದ ಆಗುವ ತಪ್ಪಲ್ಲ ಇದು. ಕರುಣೆ ಇದ್ದವರಿಂದ ಮಾತ್ರ ಆಗುವ ತಪ್ಪು. ಈ ಸೀಮೆಯ ಎಷ್ಟೋ ಸೌದೆ ಒಡೆಯುವವರು, ಬೇಲಿ ಹಾಕುವವರು ಚಳಿಗಾಲದಲ್ಲಿ ಹೀಗೇ ಗುಂಡಿ ತೋಡಿ ಹೂತಿರಬಹುದು. ತಿಳಿಯದೆ ಬದುಕಿರುವುದು ಅವರ ಪುಣ್ಯ. ನೆರಿಡಾಗೆ ತಿಳಿಯಿತು.

ಅಲ್ಲಿಂದ ಅವರು ಓದಲು ಕೂತರು. ಹತ್ತನೇ ತರಗತಿಗೆ ಶಾಲೆ ಬಿಟ್ಟವರು ಊರ ಗ್ರಂಥಾಲಯದಿಂದ ದಪ್ಪ ಪುಸ್ತಕಗಳನ್ನು ಹೊತ್ತು ತಂದರು. ಅಲ್ಲಿ ಓದಿದ್ದನ್ನೂ ಕೈಗೆ ಸಿಕ್ಕಿದ್ದನ್ನೂ ಬೆರೆಸಿ ಈಗ ಅವರು ಹೇಳುವುದು ಕೇಳಲು ಚೆಂದ.

"ಮೈ ಬಿಸಿ ಇಟ್ಕೊಳ್ಳೋದು ಅಂದ್ರೆ ಒಲೆ ಉರಿಸಿದ ಹಾಗೆ. ಸೌದೆ ಬೇಕಲ್ಲ? ಕಾಂಗರೂಗೆ ದೊಡ್ಡ ಮೈ, ಒಲೆ ಬೇಗ ಆರಲ್ಲ. ಅದಕ್ಕೆ ಬೇಸಿಗೆನೇ ಕಷ್ಟ. ಜನವರಿ ಬಿಸಿಲಲ್ಲಿ ಮುಂಗೈ ನೆಕ್ಕಿ ನೆಕ್ಕಿ ಎಂಜಲು ಹಚ್ಕೊಂಡು ತಂಪಾಗುತ್ತೆ. ಕೊವಾಲಾ ಮರ ತಬ್ಕೊಂಡು ಕೂರುತ್ತೆ, ಫೋಟೋ ತೆಗೆಯೋರು ಅದನ್ನ ಪ್ರೀತಿ ಅಂತಾರೆ. ಪ್ರೀತಿನೂ ಇಲ್ಲ, ಮಣ್ಣೂ ಇಲ್ಲ. ಕಾಂಡ ಗಾಳಿಗಿಂತ ತಣ್ಣಗಿರುತ್ತೆ, ಹೊಟ್ಟೆ ಒತ್ತಿಟ್ಟು ಕೂತ್ಕೋತದೆ. ವಾಂಬ್ಯಾಟ್ ಅಂತೂ ಬಿಲ ಬಿಟ್ಟು ಹಗಲು ಮುಖಾನೇ ತೋರಿಸಲ್ಲ. ಒಬ್ಬೊಬ್ಬರಿಗೆ ಒಂದೊಂದು ಉಪಾಯ. ಈ ಗರಿಬಾಲಕ್ಕೆ ಏನಿದೆ? ಮೈ ಇಷ್ಟು ಪುಟ್ಟದು, ಬಿಸಿ ಎಲ್ಲಾ ಕಡೆಯಿಂದ ಸೋರುತ್ತೆ. ಚಳಿಯಲ್ಲಿ ಹೂವಿಲ್ಲ, ಹುಳ ಇಲ್ಲ. ಒಲೆ ಉರಿಸ್ತಾ ಕೂತ್ರೆ ಎರಡೇ ರಾತ್ರಿಗೆ ಹಸಿದು ಸಾಯುತ್ತೆ. ಅದಕ್ಕೇ ಏನ್ ಮಾಡುತ್ತೆ, ಒಲೆ ಆರಿಸಿಬಿಡುತ್ತೆ."

ಎಚ್ಚರವಿದ್ದಾಗ ಮೂವತ್ತೈದು ಡಿಗ್ರಿಯ ಆಸುಪಾಸಿನಲ್ಲಿರುವ ಅದರ ಮೈ ಕೊರೆಯುವ ಚಳಿಯಲ್ಲಿ ಮೂರು ನಾಲ್ಕು ಡಿಗ್ರಿಗೆ ಇಳಿಯುತ್ತದೆ. ಗುಂಡಿಗೆ ಯಾವಾಗಲೋ ಒಮ್ಮೆ ಮಿಡಿಯುತ್ತದೆ. ಒಂದು ಉಸಿರಿಗೂ ಇನ್ನೊಂದು ಉಸಿರಿಗೂ ನಡುವೆ ನಿಮಿಷಗಳೇ ಕಳೆಯುತ್ತವೆ. ಹೀಗೆ ದಿನಗಟ್ಟಲೆ ಇರಬಲ್ಲದು. ಹೊರಗೆ ಬೆಚ್ಚಗಾದಾಗ ತನ್ನೊಳಗೆ ಉಳಿಸಿಟ್ಟ ಕೊಂಚ ಕೊಬ್ಬನ್ನು ಉರಿಸಿ, ನಡುಗಿ ನಡುಗಿ ತಾನೇ ಮೈ ಕಾಯಿಸಿಕೊಂಡು ಏಳುತ್ತದೆ. ಹಾಗೆ ಮಲಗಿರುವಾಗ ಯಾರು ಎಷ್ಟು ಬಾಗಿಲು ಬಡಿದರೂ ಅದು ಬರಲಾರದು. ಬರಬೇಕೆಂದರೆ ಮೊದಲು ಒಲೆ ಹೊತ್ತಬೇಕು, ಅದಕ್ಕೇ ಅರ್ಧ ಗಂಟೆ ಬೇಕು.

ಈಗ ನಲವತ್ತೊಂದನೇ ಮರದ ಬುಡದಲ್ಲಿ ನೆರಿಡಾ ಲೈಲ್‌ಗೆ ಹೇಳುತ್ತಿರುವುದೂ ಅದನ್ನೇ. "ನಿಮ್ಮ ಕ್ಯಾಮೆರಾ ಮೇಲೆ ನಂಗೇನೂ ಸಿಟ್ಟಿಲ್ಲ. ಅದು ಬಿಸಿ ಹುಡುಕುತ್ತೆ. ಬಿಸಿ ಆರಿಸ್ಕೊಂಡು ಕೂತೋರನ್ನ ಅದು ಹೆಂಗೆ ಹುಡುಕುತ್ತೆ ಹೇಳಿ? ಮರದಷ್ಟೇ ತಣ್ಣಗಿದೆ ಅಂದ್ರಿ. ಅವೂ ಮರದಷ್ಟೇ ತಣ್ಣಗಿರುತ್ತವೆ."

ಲೈಲ್ ಕ್ಯಾಮೆರಾದ ಪರದೆ ನೋಡುತ್ತಾರೆ, ಸಂದು ನೋಡುತ್ತಾರೆ. "ಅದು ನಾನು ಯೋಚಿಸಿರಲಿಲ್ಲ," ಎನ್ನುತ್ತಾರೆ. ಒಪ್ಪಿಕೊಳ್ಳುವ ದೊಡ್ಡತನ ಆ ಮನುಷ್ಯನಿಗೆ ಇದೆ.

ಡ್ಯಾರಿಲ್‌ಗೆ ಅಷ್ಟು ಸುಲಭವಿಲ್ಲ. ಸಂದಿಗೆ ಕೈ ಹೋಗದು. ಉಳಿದ ದಾರಿ ಒಂದೇ: ಆ ಒಣಕೊಂಬೆಯನ್ನು ಬುಡದಲ್ಲಿ ಕೊಯ್ದು, ಯಂತ್ರದ ಹಿಡಿಕೆಯಲ್ಲಿ ಹಿಡಿದು, ತೊಟ್ಟಿಲು ಇಳಿಸಿದ ಹಾಗೆ ನೆಲಕ್ಕಿಳಿಸಬೇಕು. ಮುಕ್ಕಾಲು ಗಂಟೆಯ ಬಾಬತ್ತು. ಲಾರಿಗಳ ಸಾಲಿನಿಂದ ಯಾರೋ ಹಾರ್ನ್ ಒತ್ತುತ್ತಿದ್ದಾರೆ.

"ಆಯ್ತು, ಇಳಿಸೋಣ," ಎನ್ನುತ್ತಾರೆ ಡ್ಯಾರಿಲ್. "ಆದ್ರೆ ಒಂದು ಮಾತು ನೆರಿ. ಒಳಗೆ ಬರೀ ಎಲೆ ಕಸ ಇದ್ರೆ ನಾಳೆಯಿಂದ ಕ್ಯಾಮೆರಾ ಹೇಳಿದ್ದೇ ಕೊನೇ ಮಾತು. ಉಳಿದ ಒಂಬತ್ತು ಮರಕ್ಕೆ ನಿನ್ನ ಕೆಂಪು ಡಬ್ಬಿ ವ್ಯಾನಲ್ಲೇ ಇರ್ಬೇಕು. ಒಪ್ಪಿಗೆನಾ?"

ಟೆವಿಟಾ ಯಂತ್ರದೊಳಗಿಂದ ಕೂಗುತ್ತಾರೆ. "ಬೇಡ ಅತ್ತೆ, ಒಪ್ಕೋಬೇಡ! ಇಂಥ ಮರದಲ್ಲಿ ಹತ್ತಕ್ಕೆ ಎಂಟು ಖಾಲಿ!"

ಅದು ನೆರಿಡಾಗೂ ಗೊತ್ತು. ಕೆಂಪು ಬಳಿದ ಮರಗಳಲ್ಲಿ ಬಹುಪಾಲು ಖಾಲಿಯೇ. ಅವರು ಕಂಕುಳಿಂದ ಕೈ ತೆಗೆದು, ಬೆರಳು ಮಡಿಸಿ ಬಿಡಿಸಿ ನೋಡಿಕೊಂಡು, "ಒಪ್ಪಿಗೆ," ಎನ್ನುತ್ತಾರೆ.

ಮರ ಕೊಯ್ಯುವ ಸದ್ದು ನಿಂತಾಗ ಒಂಬತ್ತು ಗಂಟೆ. ಟೆವಿಟಾರ ಯಂತ್ರ ಹನ್ನೆರಡು ಟನ್ನಿನದು, ಆದರೆ ಕೊಂಬೆ ಟಾರ್ಪಾಲಿನ ಮೇಲೆ ಕೂತ ಸದ್ದು ಕೂಡ ಕೇಳುವುದಿಲ್ಲ. ನೆರಿಡಾ ಮಂಡಿಯೂರಿ, ಸಂದಿನ ಬದಿಗೆ ಉಳಿ ಇಟ್ಟು, ಸಣ್ಣ ಸಣ್ಣ ಪೆಟ್ಟು ಹಾಕುತ್ತ ಕಾಲು ಗಂಟೆ ಕೆತ್ತುತ್ತಾರೆ. ಹಲಗೆಯಷ್ಟು ತೊಗಟೆ ಎದ್ದು ಬರುತ್ತದೆ. ಒಳಗೆ ಒಣ ಎಲೆ. ಮತ್ತೂ ಎಲೆ. ಡ್ಯಾರಿಲ್ ಗಂಟಲು ಸರಿಮಾಡಿಕೊಳ್ಳುತ್ತಾರೆ. ನೆರಿಡಾ ಬಲಗೈಯನ್ನು ಎಲೆಗಳ ಅಡಿಗೆ ತೂರಿಸಿ ಸುಮ್ಮನೆ ಇಟ್ಟುಕೊಂಡಿರುತ್ತಾರೆ, ಉಣ್ಣೆಯ ಮೇಜಿನ ಮುಂದೆ ನಿಂತವರ ಹಾಗೆ. ಆಮೇಲೆ ಅಂಗೈ ತುಂಬ ಎತ್ತಿ ಹೊರಗೆ ತರುತ್ತಾರೆ.

ಹನ್ನೊಂದು ಗರಿಬಾಲಗಳು, ಒಂದೇ ಉಂಡೆಯಾಗಿ. ಯಾವುದರ ಕಾಲು ಯಾವುದೆಂದು ಹೇಳಲು ಬರುವುದಿಲ್ಲ. ಲೈಲ್ ಕ್ಯಾಮೆರಾ ಹಿಡಿಯುತ್ತಾರೆ: ನೆರಿಡಾರ ಅಂಗೈ ಹಳದಿ, ನಡುವೆ ನೀಲಿ ಕಲೆ.

ಕಸವಲ್ಲ ಎಂಬುದು ಇತ್ಯರ್ಥವಾಯಿತು. ಆದರೆ ಯಾರೂ ಗೆದ್ದವರಂತೆ ಕಾಣುವುದಿಲ್ಲ. ಡ್ಯಾರಿಲ್ ಟೋಪಿ ತೆಗೆಯುತ್ತಾರೆ. ಬೆರಳ ತುದಿಯಲ್ಲಿ ಒಂದನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. "ಅಯ್ಯೋ ದೇವರೇ. ಎಲ್ಲಾ ಹೋಗಿವೆ ನೆರಿ. ಕೊಂಬೆ ಇಳಿಸೋವಾಗ ಏನಾದ್ರೂ ಆಯ್ತೋ ಏನೋ." ಅವರ ದನಿ ನಿಜಕ್ಕೂ ತಗ್ಗಿದೆ. ವ್ಯಾನಿನ ಬದಿಗೆ ಒರಗಿಸಿದ ಸಲಿಕೆ ಎತ್ತಿಕೊಳ್ಳುತ್ತಾರೆ. "ನೀನು ಕೂತಿರು. ನಾನೇ ಒಂದು ಗುಂಡಿ ತೋಡ್ತೀನಿ. ಸರಿಯಾಗಿ ಹೂಳೋಣ."

"ಸಲಿಕೆ ಕೆಳಗಿಡು ಡ್ಯಾರಿಲ್."

ಇಡೀ ಬೆಳಗಿನಲ್ಲಿ ನೆರಿಡಾ ದನಿ ಏರಿಸಿದ್ದು ಅದೊಂದೇ ಸಲ. ಡ್ಯಾರಿಲ್ ಸಲಿಕೆ ಕೆಳಗಿಡುತ್ತಾರೆ.

ಇನ್ನು ಕಾಯುವುದು. ಈ ಕೆಲಸದಲ್ಲಿ ಕಷ್ಟದ ಭಾಗ ಮರ ಹತ್ತುವುದಲ್ಲ, ಇದು. ಬೆಂಕಿಯ ಹತ್ತಿರ ಹಿಡಿಯಬಾರದು, ವ್ಯಾನಿನ ಬಿಸಿಗಾಳಿಗೆ ಒಡ್ಡಬಾರದು. ನೆರಿಡಾ ಉಂಡೆಯನ್ನು ಉಣ್ಣೆಯ ಟೋಪಿಯಲ್ಲಿಟ್ಟು, ಟೋಪಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಉಗುರುಬೆಚ್ಚಗಿನ ನೀರಿನ ಸೀಸೆಯನ್ನು ಟವಲಿನಲ್ಲಿ ಸುತ್ತಿಡುತ್ತಾರೆ. ಅಷ್ಟೇ. ಉಳಿದದ್ದು ಅವುಗಳಿಗೆ ಬಿಟ್ಟದ್ದು. ಟೆವಿಟಾ ಕೆಟಲಿನಿಂದ ಎಲ್ಲರಿಗೂ ಚಹಾ ಬಗ್ಗಿಸುತ್ತಾರೆ. ಲಾರಿ ಚಾಲಕರಲ್ಲಿ ಇಬ್ಬರು ಜಗಳಕ್ಕೆಂದು ಇಳಿದು ಬಂದವರು, ಪೆಟ್ಟಿಗೆಯೊಳಗೆ ಇಣುಕಿ ನೋಡಿ, ಜಗಳ ಮರೆತು ಅಲ್ಲೇ ನಿಲ್ಲುತ್ತಾರೆ.

ಇಪ್ಪತ್ತಮೂರು ನಿಮಿಷಕ್ಕೆ ಲೈಲ್ ಪಿಸುಗುಡುತ್ತಾರೆ: "ಇಲ್ಲಿ ನೋಡಿ." ಪರದೆಯ ನೀಲಿ ಕಲೆಯ ಅಂಚಿನಲ್ಲಿ ಒಂದು ಹಸಿರು ಚುಕ್ಕೆ. ನೋಡುತ್ತಿದ್ದಂತೆ ಅದು ಹಳದಿಯಾಗುತ್ತದೆ. ಟೋಪಿಯೊಳಗೆ ಒಂದು ಕಿವಿ ಮಡಿಕೆ ಬಿಡಿಸಿಕೊಂಡು ನಿಗುರುತ್ತದೆ, ಆಮೇಲೆ ಇಡೀ ಮೈ ಥರಥರ ನಡುಗತೊಡಗುತ್ತದೆ. ಅದರ ಪಕ್ಕದ್ದು. ಅದರ ಪಕ್ಕದ್ದು. ಯಾರೂ ಇಲ್ಲವೆಂದು ಹೇಳಿದ ಕ್ಯಾಮೆರಾವೇ ಈಗ ಒಂದೊಂದನ್ನೂ ಎಣಿಸಿ ಕೊಡುತ್ತಿದೆ. ಡ್ಯಾರಿಲ್ ಗಟ್ಟಿಯಾಗಿ ಲೆಕ್ಕ ಹಿಡಿಯುತ್ತಾರೆ, ಐದು, ಆರು, ಏಳು. ಏಳು ಎಂದಾಗ ನೆರಿಡಾ ಬೇರೆ ಕಡೆ ತಿರುಗಿಕೊಳ್ಳುತ್ತಾರೆ.

ಹತ್ತೂವರೆಯ ಹೊತ್ತಿಗೆ ಹತ್ತು ಎದ್ದಿವೆ. ಹನ್ನೊಂದನೆಯದು ನೀಲಿಯಾಗಿಯೇ ಉಳಿದಿದೆ.

ಹತ್ತನ್ನು ರಸ್ತೆಯಾಚೆಯ ನೀಲಗಿರಿಗೆ ಕಟ್ಟಿದ ಮರದ ಗೂಡಿಗೆ ಅದೇ ಎಲೆಗಳ ಸಮೇತ ಸೇರಿಸಲಾಗುತ್ತದೆ. ಮುಸ್ಸಂಜೆಯ ಹೊತ್ತಿಗೆ ಒಂದು ಹೊರಬಂದು, ಗೂಡಿನ ಚಾವಣಿಯ ಮೇಲೆ ಕೂತು, ಬಾಲವನ್ನು ನೆಕ್ಕಿಕೊಂಡಿದ್ದನ್ನು ಟೆವಿಟಾ ಕಂಡಿದ್ದಾರೆ. ರಸ್ತೆ ಹನ್ನೊಂದಕ್ಕಲ್ಲ, ಹನ್ನೊಂದೂ ಮುಕ್ಕಾಲಿಗೆ ತೆರೆಯಿತು.

ಸಂಜೆ ಒಂದು ಸಣ್ಣ ತಕರಾರು. ವರದಿ ತುಂಬುವ ಪರದೆಯಲ್ಲಿ ಸಿಕ್ಕಿದ ಪ್ರಾಣಿಗಳು ಹನ್ನೊಂದು ಎಂದ ಮೇಲೆ, 'ಜೀವಂತ', 'ಸತ್ತಿದೆ' ಎರಡೂ ಖಾನೆ ಕೂಡಿ ಹನ್ನೊಂದೇ ಆಗಬೇಕು. ನೆರಿಡಾ ಹತ್ತು ಎಂದು ಬರೆದು ಇನ್ನೊಂದು ಖಾನೆಯನ್ನು ಖಾಲಿ ಬಿಟ್ಟಿದ್ದಾರೆ, ವರದಿ ಮುಂದಕ್ಕೆ ಹೋಗುತ್ತಿಲ್ಲ. "ಸತ್ತಿದೆ ಒಂದು ಅಂತ ಹಾಕಿ ಮುಗಿಸು, ಯಾರು ಕೇಳ್ತಾರೆ," ಎಂದರು ಡ್ಯಾರಿಲ್. ನೆರಿಡಾ ಹಾಕಲಿಲ್ಲ. ಅವರಿಗೆ ಈ ಕೆಲಸದಿಂದ ಏನಾದರೂ ಬೇಕಿದ್ದರೆ ಅದು ಸಂಬಳವಲ್ಲ, ಸನ್ಮಾನವಲ್ಲ.

"ಆ ಎರಡು ಖಾನೆ ಮಧ್ಯೆ ಇನ್ನೊಂದು ಖಾನೆ ಬೇಕು ನಂಗೆ. 'ತಣ್ಣಗಿದೆ' ಅಂತ. ಅಷ್ಟು ಬರೆಯೋಕೆ ಜಾಗ ಕೊಟ್ರೆ ಸಾಕು. ಜಾಗ ಇದ್ರೆ ಜನ ಕಾಯ್ತಾರೆ. ಜಾಗ ಇಲ್ಲ ಅಂದ್ರೆ ಬೇಗ ಸಾಯಿಸಿಬಿಡ್ತಾರೆ."

ಖಾನೆ ಇನ್ನೂ ಬಂದಿಲ್ಲ. ಐವತ್ತು ಮರದ ಪರೀಕ್ಷೆಯ ತೀರ್ಮಾನವೂ ಬಂದಿಲ್ಲ. ನಲವತ್ತೊಂದನೇ ಮರದ ಮುಂದೆ ಲೈಲ್ 'ಕ್ಯಾಮೆರಾ ತಪ್ಪಿತು' ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದ್ದಾರೆ, ಮೇಲಿನವರು ಅದನ್ನು ಹೇಗೆ ಓದಿಕೊಳ್ಳುತ್ತಾರೋ ತಿಳಿಯದು. ಡ್ಯಾರಿಲ್ ಮಾತ್ರ ಯಾರ ಅಪ್ಪಣೆಗೂ ಕಾಯದೆ, ಹಿಮ ಬಿದ್ದ ದಿನ ಬಿಸಿಲೇರುವವರೆಗೆ ಪೊಟರೆ ಮರ ಮುಟ್ಟಕೂಡದು ಎಂದು ತಮ್ಮ ತಂಡಕ್ಕೆ ಹೇಳಿದ್ದಾರೆ. ಬಾಯಿಮಾತಿನ ನಿಯಮ. ಅವರು ಇರುವಷ್ಟು ದಿನ ನಡೆಯುತ್ತದೆ.

ಹನ್ನೊಂದನೆಯದು ನೆರಿಡಾರ ಮನೆಗೆ ಬಂತು. ಬಟ್ಟೆ ಒಗೆಯುವ ಕೋಣೆಯಲ್ಲಿ ಅದಕ್ಕೊಂದು ಶೆಲ್ಫು. ಮೊದಲ ರಾತ್ರಿ ಕೋಣೆ ತಣ್ಣಗಿಟ್ಟರು, ಮರುದಿನ ಸ್ವಲ್ಪ ಬೆಚ್ಚಗೆ, ಆಮೇಲೆ ಇನ್ನೂ ಸ್ವಲ್ಪ. ಒಗೆಯುವ ಯಂತ್ರ ಶೆಲ್ಫನ್ನು ಅಲುಗಾಡಿಸುತ್ತದೆಂದು ಮೂರು ದಿನ ಅದನ್ನು ಓಡಿಸಲಿಲ್ಲ. ಕೋಲಿನ್ ಒಂದೇ ಪ್ಯಾಂಟಿನಲ್ಲಿ ಆಲೂಗಡ್ಡೆ ಶೆಡ್ಡಿಗೆ ಹೋಗಿ ಬಂದರು. "ಏನಂತಾರೆ ನಿಮ್ಮ ನೆಂಟರು, ಎದ್ದರಾ?" ಎಂದು ಪ್ರತಿ ಬೆಳಗ್ಗೆ ಬಾಗಿಲಲ್ಲಿ ನಿಂತು ಕೇಳುವರು. ತಮಾಷೆಗೆ ಕೇಳುತ್ತಿದ್ದರೂ ಉತ್ತರ ಬರುವವರೆಗೆ ಅಲ್ಲೇ ನಿಂತಿರುವರು. ನೆರಿಡಾ ಗಂಟೆಗೊಮ್ಮೆ ಕನ್ನಡಿಯ ಚೂರನ್ನು ಅದರ ಮೂಗಿಗೆ ಹಿಡಿದು, ಹತ್ತು ನಿಮಿಷ ಕೂತು ನೋಡುತ್ತಿದ್ದರು. ಕನ್ನಡಿ ಮಸುಕಾಗಲಿಲ್ಲ.

ಡ್ಯಾರಿಲ್ ದಿನಕ್ಕೆರಡು ಸಲ ಫೋನು. ಮೊದಲ ದಿನ ವರದಿಗೆಂದು ನೆಪ ಹೇಳಿದರು. ಎರಡನೇ ದಿನ ನೆಪ ಹೇಳಲಿಲ್ಲ.

ಮೂರನೇ ದಿನ ಮಧ್ಯಾಹ್ನ ನೆರಿಡಾ ಟೋಪಿಯನ್ನು ಮೂಗಿನ ಹತ್ತಿರ ಹಿಡಿದರು. ವಾಸನೆ ಶುರುವಾಗಿತ್ತು. ಹೊಟ್ಟೆಯ ಮೇಲೆ ಬೆರಳಾಡಿಸಿದರೆ ತುಪ್ಪಳ ಬೆರಳಿಗೇ ಬಂತು. ಆದರೂ ಇನ್ನೊಂದು ಗಂಟೆ ಬಿಸಿಲಲ್ಲಿಟ್ಟು ಪಕ್ಕದಲ್ಲೇ ಕೂತರು. ಆಮೇಲೆ ಹಿತ್ತಲ ಸೇಬಿನ ಗಿಡದ ಬುಡದಲ್ಲಿ ಗೇಣುದ್ದ ಮಣ್ಣು ತೆಗೆದು, ಅದನ್ನು ಮಲಗಿಸಿ, ಕೈಯಲ್ಲೇ ಮುಚ್ಚಿದರು. ಒಳಗೆ ಬಂದು ಕೈ ತೊಳೆದು, 'ಸತ್ತಿದೆ' ಎಂಬ ಖಾನೆಯಲ್ಲಿ ಒಂದು ಎಂದು ಬರೆದರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಎದ್ದಿತಾ?" ಎಂದರು ಡ್ಯಾರಿಲ್.

"ಇಲ್ಲಪ್ಪ. ಈಗ ತಾನೇ ಹೂತು ಬಂದೆ."

"ಅಷ್ಟೆಲ್ಲಾ ಕಾದೆ. ಬೇಜಾರಾಯ್ತಾ ನೆರಿ?"

"ಆಯ್ತು," ಎಂದರು ನೆರಿಡಾ. "ಆದ್ರೆ ಇದು ಸತ್ತಿತ್ತು ಕಣೋ. ನಂಗೆ ಗೊತ್ತು."